ನಿಂತ ಕಾರಿನಲ್ಲಿ ನಾಲ್ಕು ಬೆರಳು ಜಾಗ

ನನ್ನದು 2013ರ ಡೀಸೆಲ್ ಮಾರುತಿ ಸ್ವಿಫ್ಟ್, ನಡುವಣ ಮಾದರಿ. ಬಂದಾಗ ಇದ್ದದ್ದು 14 ಇಂಚಿನ ಕಬ್ಬಿಣದ ರಿಮ್, 165/80 ಆರ್14 ಟೈರು (ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 80, ರಿಮ್ 14 ಇಂಚು). ಕಾರಿನ ಬಗ್ಗೆ ನನಗೆ ದೂರಿರಲಿಲ್ಲ. ಆ ಚಕ್ರಗಳು ಮಾತ್ರ ತಮ್ಮ ಮೇಲಿನ ತಗಡಿನ ಕಮಾನಿನೊಳಗೆ ಅಪ್ಪನ ಅಂಗಿ ತೊಟ್ಟ ಹುಡುಗನಂತೆ ಕಾಣುತ್ತಿದ್ದವು. ಎರಡನೆಯ ಜೊತೆ ಟೈರು ಸವೆದಾಗ, ಹೇಗೂ ಖರ್ಚು ತಪ್ಪಿದ್ದಲ್ಲ, 16 ಇಂಚಿನ ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸಿಯೇ ಬಿಡೋಣ ಎನಿಸಿತು.

ಅಂಗಡಿಯಾತ ಕೇಳಿದ್ದು ಒಂದೇ ಪ್ರಶ್ನೆ: ‘ನಾಲ್ಕು ಬೋಲ್ಟಿನದು ತಾನೇ?’ ಹೌದೆಂದೆ. 7 ಇಂಚು ಅಗಲದ ರಿಮ್ಮಿಗೆ 205/55 ಆರ್16 ಟೈರು ಏರಿಸಿ ಕೂರಿಸಿದ. ಆಮೇಲೆ ಟೈರಿಗೂ ಅದರ ಮೇಲಿನ ತಗಡಾದ ಫೆಂಡರಿಗೂ ನಡುವೆ ಅಂಗೈ ಅಡ್ಡ ತೂರಿಸಿ, ‘ನೋಡಿ, ನಾಲ್ಕು ಬೆರಳು ಆರಾಮವಾಗಿ ಹೋಗುತ್ತದೆ, ಎಲ್ಲಿಯೂ ತಗುಲುವುದಿಲ್ಲ’ ಎಂದ. ನಾನೂ ಕೈ ತೂರಿಸಿ ನೋಡಿದೆ. ಹೋಯಿತು. ಒಬ್ಬನೇ ಮನೆಗೆ ಓಡಿಸಿಕೊಂಡು ಬಂದೆ, ಒಂದು ಸದ್ದೂ ಇರಲಿಲ್ಲ.

ಮುಂದಿನ ಶನಿವಾರ ಐದು ಜನ, ಡಿಕ್ಕಿಯ ತುಂಬ ಸಾಮಾನು, ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು (ಕಾರಿನ ಭಾರ ಇನ್ನಷ್ಟು ಹೆಚ್ಚಿಸಿಕೊಂಡು) ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಮೊದಲ ಹಿಮ್ಮುರಿ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನಿಂದ ‘ಸರ್ರ್’ ಎಂದಿತು. ಸ್ವಲ್ಪ ಮುಂದೆ ರಸ್ತೆ ತಗ್ಗಿದ ಕಡೆ ಹಿಂದಿನಿಂದ ‘ಗುರ್’ ಎಂದು ಬೇರೆಯೇ ಬಗೆಯ ಮೊಟಕು ಸದ್ದು. ಏನೋ ಉಜ್ಜುತ್ತಿದೆಯಲ್ಲ ಎಂದು ಅಮ್ಮ ಕೇಳಿದರು. ರಸ್ತೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ.

ಉಜಿರೆಯಲ್ಲಿ ಇಳಿದು ಟಾರ್ಚ್ ಹಿಡಿದು ನೋಡಿದೆ. ಮುಂದಿನ ಕಮಾನಿನ ಒಳಹೊದಿಕೆ, ಅಂದರೆ ಪ್ಲಾಸ್ಟಿಕ್ ಲೈನರು, ಎರಡು ಕಡೆ ಉಜ್ಜಿಸಿಕೊಂಡು ಹೊಳೆಯುತ್ತಿತ್ತು. ಅದು ಪ್ಲಾಸ್ಟಿಕ್ಕು, ಹೋಗಲಿ ಎನ್ನಬಹುದು. ಹಿಂದಿನದನ್ನು ನೋಡಿದಾಗ ಹೊಟ್ಟೆ ತಣ್ಣಗಾಯಿತು. ಫೆಂಡರಿನ ಒಳಕ್ಕೆ ಮಡಚಿದ ತಗಡಿನ ಅಂಚು ಟೈರಿನ ಹೊರಭುಜದ ಸುತ್ತಲೂ ದಾರದಷ್ಟು ದಪ್ಪದ ಗೆರೆ ಕೊರೆದಿತ್ತು. ಕಮಾನಿನೊಳಗೆಲ್ಲ ಕರಿಯ ರಬ್ಬರ್ ಪುಡಿ. ಭುಜದಿಂದ ಪಕ್ಕದ ಗೋಡೆಯವರೆಗೆ ರಬ್ಬರು ತೆಳುವಾಗುತ್ತ ಹೋಗುತ್ತದೆ. ಅಲ್ಲಿ ಆಳವಾಗಿ ಕೊರೆದರೆ ಟೈರು ಒಡೆಯುತ್ತದೆ. ವಾಪಸು ಬರುವಾಗ ಇಬ್ಬರನ್ನು ಬಸ್ಸಿಗೆ ಹತ್ತಿಸಿದೆ.

ಮನೆಗೆ ಬಂದು ಮೊದಲು ಅನುಮಾನಪಟ್ಟದ್ದು ಎತ್ತರದ ಮೇಲೆ. ಲೆಕ್ಕ ಹಾಕಿದೆ. ಹಳೆಯ ಟೈರಿನ ವ್ಯಾಸ: 14 ಇಂಚೆಂದರೆ 355.6 ಮಿಲಿಮೀಟರ್, ಅದಕ್ಕೆ 165ರ ಶೇ 80ರಂತೆ 132 ಮಿ.ಮೀ. ಎರಡು ಸಲ ಸೇರಿಸಿದರೆ ಸುಮಾರು 620. ಹೊಸದರ ವ್ಯಾಸ 632. ಅಂದರೆ ತ್ರಿಜ್ಯದಲ್ಲಿ ಹೆಚ್ಚಿದ್ದು ಬರೀ 6 ಮಿ.ಮೀ. ಅದು ನಾಲ್ಕು ಬೆರಳಿನ ಜಾಗವನ್ನು ತಿಂದುಹಾಕುವ ಅಳತೆಯಲ್ಲ. ಸ್ಪೀಡೋಮೀಟರಿನಲ್ಲಿ 100 ತೋರಿಸುವಾಗ ಮೊದಲಿಗಿಂತ 2 ಕಿ.ಮೀ. ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತೇನೆ, ಅಷ್ಟೇ. ತಪ್ಪು ಎತ್ತರದಲ್ಲಿ ಇರಲಿಲ್ಲ, ಅಗಲದಲ್ಲಿ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಅಗಲ ಯಾವ ಕಡೆಗೆ ಚಾಚಿಕೊಂಡಿದೆ ಎಂಬುದರಲ್ಲಿ ಇತ್ತು.

ಇದನ್ನೇ ಆಫ್‌ಸೆಟ್ ಎನ್ನುತ್ತಾರೆ. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಹಬ್ಬಿಗೆ (ಚಕ್ರವನ್ನು ಬಿಗಿಸುವ ಕಾರಿನ ಕಡೆಯ ಭಾಗಕ್ಕೆ) ಕೂರುವ ರಿಮ್ಮಿನ ಮುಖ ಆ ಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ ಅದು. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಹೊರಕ್ಕೆ ಬರುತ್ತದೆ. ಅಲಾಯ್‌ಗಳ ಮೇಲೆ ಸಾಮಾನ್ಯವಾಗಿ ಇಟಿ ಎಂಬ ಅಕ್ಷರಗಳ ಪಕ್ಕದಲ್ಲಿ ಕೆತ್ತಿರುತ್ತಾರೆ. ನನ್ನ ಹೊಸ ರಿಮ್ಮಿನಲ್ಲಿ ಇಟಿ 35 ಎಂದಿತ್ತು. ಹಳೆಯದನ್ನು ಅಳೆದೇ ನೋಡಿದೆ. ರಿಮ್ಮನ್ನು ಮುಖ ಕೆಳಗಾಗಿ ಮಲಗಿಸಿ, ಒಳಅಂಚಿನ ಮೇಲೆ ಒಂದು ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿನ ಮುಖದವರೆಗೆ ಸ್ಕೇಲು ಇಳಿಸಿದರೆ 121 ಮಿ.ಮೀ. 5 ಇಂಚಿನ ರಿಮ್ಮಿಗೆ ಅಂಚುಗಳೂ ಸೇರಿ ಒಟ್ಟು ಅಗಲ 6 ಇಂಚಿನಷ್ಟು, ಅದರ ಅರ್ಧ 76. ಕಳೆದರೆ ಉಳಿದದ್ದು 45.

ಈಗ ಟೈರಿನ ಅರ್ಧ ಅಗಲದಿಂದ ಆಫ್‌ಸೆಟ್ ಕಳೆದರೆ ಹಬ್ಬಿನಿಂದ ಹೊರಕ್ಕೆ ಎಷ್ಟು, ಕೂಡಿಸಿದರೆ ಒಳಕ್ಕೆ ಎಷ್ಟು ಎಂದು ತಿಳಿಯುತ್ತದೆ. ಹಳೆಯದು ಹೊರಕ್ಕೆ 37.5, ಒಳಕ್ಕೆ 127.5. ಹೊಸದು ಹೊರಕ್ಕೆ 67.5, ಒಳಕ್ಕೆ 137.5. ಹೊರಗಡೆಗೆ ಪೂರ್ತಿ 30 ಮಿಲಿಮೀಟರ್! ಹಿಂದೆ ಭಾರ ಬಿದ್ದು ಚಕ್ರ ಮೇಲೆದ್ದಾಗ ಅದು ಫೆಂಡರಿನ ಒಳಗೆ ಹೋಗುವ ಬದಲು ನೇರ ಅದರ ಅಂಚಿಗೇ ಹೋಗಿ ಕಚ್ಚಿಕೊಳ್ಳುತ್ತಿತ್ತು. ಮುಂದಿನ ಸದ್ದಿಗೂ ಇದೇ ಮೂಲ. ಮುಂದಿನ ಚಕ್ರ ಒಂದು ಅಕ್ಷದ ಸುತ್ತ ತಿರುಗುತ್ತದೆ. ಆ ಅಕ್ಷದಿಂದ ಅದನ್ನು ದೂರ ತಳ್ಳಿದಷ್ಟೂ, ತಿರುಗುವಾಗ ಹೆಚ್ಚು ದೊಡ್ಡ ಸುತ್ತು ಬಳಸಿ ಲೈನರನ್ನು ಹೋಗಿ ಸವರುತ್ತದೆ. ಬಾಗಿಲನ್ನು ಕೀಲಿನ ಹತ್ತಿರ ಹಿಡಿದು ತೆರೆಯುವುದಕ್ಕೂ ಚಿಲಕದ ಹತ್ತಿರ ಹಿಡಿದು ತೆರೆಯುವುದಕ್ಕೂ ಇರುವ ವ್ಯತ್ಯಾಸ ಅದು.

ಅಂಗಡಿಯಾತ ಪರಿಹಾರ ಹೇಳದೇ ಇರಲಿಲ್ಲ. ಫೆಂಡರಿನ ಅಂಚನ್ನು ಬಿಸಿ ಮಾಡಿ ಮೇಲಕ್ಕೆ ಮಡಚುವುದು ಒಂದು. ಬಣ್ಣ ಬಿರುಕು ಬಿಟ್ಟರೆ ಅಲ್ಲಿಂದಲೇ ತುಕ್ಕು ಶುರು, ಅದೂ ಮಲೆನಾಡಿನ ಮಳೆಯಲ್ಲಿ. ಬೇಡವೆಂದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತೂರಿಸುವುದು ಇನ್ನೊಂದು. ಇದನ್ನು ಹದಿನೈದು ದಿನ ಹಾಕಿಸಿಯೂ ನೋಡಿದೆ. ಹಿಂದಿನ ಸದ್ದು ಕಡಿಮೆಯಾಯಿತು, ಜೊತೆಗೆ ಕಾರು ಎತ್ತಿನಗಾಡಿಯಾಯಿತು. ಚಕ್ರ ಮೇಲೇಳಬೇಕಾದ ಕಡೆ ಏಳದಂತೆ ಬೆಣೆ ಹೊಡೆಯುವುದು ಪರಿಹಾರವೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಕಿತ್ತು ಹಾಕಿಸಿದೆ.

ಹಳೆಯ ರಿಮ್ಮುಗಳನ್ನು ಮಾರದೆ ಇಟ್ಟುಕೊಂಡದ್ದು ಪುಣ್ಯ. ಅವನ್ನೇ ಮತ್ತೆ ಹಾಕಿ, ನಿಜವಾಗಿ ಎಷ್ಟು ಜಾಗವಿದೆ ಎಂದು ಅಳೆಯಲು ಕೂತೆ. ಮಗಳ ಆಟದ ಜೇಡಿಮಣ್ಣು ಕೇಳಿ ತಂದೆ. ಹಸಿರು ಬಣ್ಣದ್ದನ್ನು ಮಾತ್ರ ಕೊಟ್ಟಳು. ಅದನ್ನು ಹೆಬ್ಬೆರಳಿಗಿಂತ ಉದ್ದದ ಉಂಡೆಗಳಾಗಿ ಮಾಡಿ ಹಿಂದಿನ ಫೆಂಡರಿನ ಒಳಅಂಚಿಗೆ ಟೈರಿನ ಕಡೆಗೆ ಚಾಚುವಂತೆ ಅಂಟಿಸಿದೆ. ಐದು ಜನರನ್ನು ಕೂರಿಸಿಕೊಂಡು, ಬಡಾವಣೆಯಲ್ಲಿ ಅತ್ಯಂತ ಕೆಟ್ಟದ್ದೆಂದು ಹೆಸರಾದ ಹಂಪಿನ ಮೇಲೆ ಎರಡು ಸಲ ಹೋಗಿ ಬಂದೆ. ಟೈರು ಸವರಿ ಹೋದ ಮೇಲೆ ಉಳಿದ ಉಂಡೆಯ ದಪ್ಪ 24 ಮಿ.ಮೀ. ಅದೇ ಅಲ್ಲಿನ ನಿಜವಾದ ಜಾಗ. 30 ಬೇಡುವ ಚಕ್ರ ಅಲ್ಲಿ ಹೇಗೆ ಹಿಡಿದೀತು? ಮುಂದಿನದಕ್ಕೆ ಬೇರೆ ಉಪಾಯ: ಒಂದು ಮುಂದಿನ ಚಕ್ರವನ್ನು ಕಟ್ಟೆಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಕಾರು ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ, ಲೈನರಿನ ಉದ್ದಕ್ಕೂ ಕೈಯಾಡಿಸಿ ಅಳೆದೆ. ಒಳಗಡೆ ಸ್ಟ್ರಟ್ಟಿಗೂ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಟೈರಿಗೂ ನಡುವೆ 27 ಮಿ.ಮೀ. ಇತ್ತು.

ಇಷ್ಟು ತಿಳಿದ ಮೇಲೆ ಚಕ್ರ ಆರಿಸುವುದು ಅಂಗಡಿಯವನ ಕೆಲಸವಾಗಿ ಉಳಿಯಲಿಲ್ಲ. 6 ಇಂಚು ಅಗಲ, ಇಟಿ 45, ಟೈರು 195/55 ಆರ್16. ಹೊರಕ್ಕೆ 15, ಒಳಕ್ಕೆ 15 ಹೆಚ್ಚುತ್ತದೆ. ಹಿಂದೆ ಹೊರಗೆ 9, ಮುಂದೆ ಒಳಗೆ 12 ಉಳಿಯುತ್ತದೆ. ವ್ಯಾಸ 621, ಹಳೆಯದಕ್ಕೆ ಹೆಚ್ಚುಕಡಿಮೆ ಸಮ. ಭಾರದ ಸೂಚ್ಯಂಕ ಹಳೆಯದರಲ್ಲಿ 85, ಅಂದರೆ ಟೈರೊಂದಕ್ಕೆ 515 ಕೆ.ಜಿ.; ಹೊಸದರಲ್ಲಿ 87, 545 ಕೆ.ಜಿ. ಈ ಅಂಕಿ ಹಳೆಯದಕ್ಕಿಂತ ಕೆಳಗಿಳಿಯುವ ಟೈರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಒಲ್ಲೆ ಎನ್ನಬೇಕು. ಸಿಕ್ಕಿದ್ದು ಮೂರನೆಯ ಅಂಗಡಿಯಲ್ಲಿ. ಮೊದಲ ಎರಡರಲ್ಲಿ ಆಫ್‌ಸೆಟ್ ಕೇಳಿದಾಗ ನನ್ನ ಮುಖವನ್ನೇ ನೋಡಿದರು.

ಒಂದು ತಪ್ಪು ಆಗಲೂ ಮಾಡಿದೆ. ಸ್ವಿಫ್ಟಿನ ಹಬ್ಬಿನ ನಡುವಣ ವ್ಯಾಸ 54.1 ಮಿ.ಮೀ., ಹೊಸ ಅಲಾಯ್‌ನ ನಡುತೂತು 73.1. ನಡುವಿನ ಸಂದು ತುಂಬುವ ಉಂಗುರ ಹಾಕಿಸಿಕೊಳ್ಳಲಿಲ್ಲ. ಗಂಟೆಗೆ 90 ಕಿ.ಮೀ. ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗಿತು, ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ. ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಉಂಗುರಗಳನ್ನು ಹಾಕಿದೊಡನೆ ನಿಂತಿತು. ನಟ್ಟುಗಳನ್ನು 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿದೆ, ವಿಮಾ ಕಂಪನಿಗೆ ಬದಲಾವಣೆಯನ್ನು ಬರೆದು ತಿಳಿಸಿದೆ. ಮೊದಲಿನ 7 ಇಂಚಿನ ರಿಮ್ಮುಗಳು ಅರ್ಧ ಬೆಲೆಗೆ ಹೋದವು. ಗೆರೆ ಬಿದ್ದ ಎರಡು ಟೈರುಗಳನ್ನು ಯಾರಿಗೂ ಮಾರಲು ಮನಸ್ಸಾಗಲಿಲ್ಲ. ಒಂದರೊಳಗೆ ಈಗ ಕರಿಬೇವಿನ ಗಿಡವಿದೆ.

ಮಳೆ ನಿಂತ ಮೇಲೆ ಮತ್ತೆ ಅದೇ ಐದು ಜನ, ಅದೇ ಚಾರ್ಮಾಡಿ. ಹಿಮ್ಮುರಿ ತಿರುವುಗಳೆಲ್ಲ ಮುಗಿದ ಮೇಲೆ ಅಮ್ಮ, ‘ಪರವಾಗಿಲ್ಲ, ರಸ್ತೆ ಸರಿ ಮಾಡಿಸಿದ್ದಾರೆ’ ಎಂದರು.

ಮಿಲಿಮೀಟರುಗಳ ಲೆಕ್ಕದಲ್ಲಿ ಒಂದನ್ನು ಮಾತ್ರ ನಾನು ನೋಡಿಯೂ ನೋಡದಂತೆ ಬಿಟ್ಟಿದ್ದೆ. ಹಳೆಯ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 132 ಮಿ.ಮೀ. ರಬ್ಬರಿತ್ತು, ಹೊಸದರಲ್ಲಿ 107. ಆ ಒಂದು ಇಂಚು ಎಲ್ಲಿ ಬೇಕಿತ್ತೆಂದು ಜನವರಿಯ ಒಂದು ರಾತ್ರಿ ಸಕಲೇಶಪುರದ ಹತ್ತಿರ, ನೀರು ತುಂಬಿದ ಗುಂಡಿಯೊಂದರಲ್ಲಿ ತಿಳಿಯಿತು. ಎಡ ಮುಂದಿನ ರಿಮ್ಮಿನ ಅಂಚು ಬಾಗಿ ಗಾಳಿ ಹೋಯಿತು. ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಮಲಗಿದ್ದ ಹಳೆಯ 14 ಇಂಚಿನದನ್ನು ಹಾಕಿದೆ. ವ್ಯಾಸ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಒಂದು ಕಾಲಿಗೆ ಹವಾಯಿ ಚಪ್ಪಲಿ ತೊಟ್ಟ ವರನಂತೆ ಕಂಡರೂ, ಕಾರು ಎತ್ತಲೂ ಎಳೆಯದೆ ನಿಧಾನವಾಗಿ ಹಾಸನ ಮುಟ್ಟಿತು.