ರೆಪ್ಪೆ ಮಗುಚಿ ನೋಡಿ, ಆಮೇಲೆ ಔಷಧಿ

ಹುಳು ಆದರೆ ಕುರಿ ಭೇದಿ ಮಾಡುತ್ತದೆ ಅಂತ ನಾನು ತಿಳಿದಿದ್ದೆ. ಹಿಕ್ಕೆ ಗಟ್ಟಿಯಾಗಿ ಉದುರುತ್ತಿದ್ದರೆ ಹೊಟ್ಟೆ ಸರಿಯಿದೆ ಅಂತಲೇ ನನ್ನ ಲೆಕ್ಕ. ಆ ಲೆಕ್ಕ ನಂಬಿ ಒಂದೇ ಮಳೆಗಾಲದಲ್ಲಿ ಒಂಬತ್ತು ಕುರಿ ಕಳೆದುಕೊಂಡೆ.

ನಮ್ಮದು ಹಿರಿಯೂರು ಕಡೆ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಊರೂರೇ ನೋಡಲು ಹೋಯಿತು, ನಾವೂ ಟ್ರ್ಯಾಕ್ಟರ್ ಹತ್ತಿ ಹೋಗಿ ಬಂದೆವು. ನಮ್ಮ ಬರದ ಸೀಮೆಯಲ್ಲಿ ಅಷ್ಟು ಹಸಿರು ನಾನು ಕಂಡಿರಲಿಲ್ಲ. ಕುರಿಗೆ ಇನ್ನೇನು ಬೇಕು? ಬೆಳಗಿನ ಆರಕ್ಕೇ ರೊಪ್ಪ ತೆಗೆದು ಕೆರೆ ಅಂಗಳದ ಹುಲ್ಲಿಗೆ ಬಿಡುತ್ತಿದ್ದೆ. ಇಬ್ಬನಿ ಇನ್ನೂ ಆರಿರುತ್ತಿರಲಿಲ್ಲ.

ಹಸ್ತ ಮಳೆ ಹೊತ್ತಿಗೆ ಕೆಲವು ಕುರಿ ಮಂದೆಯಿಂದ ಹಿಂದೆ ಬೀಳತೊಡಗಿದವು. ಮೈ ಅಷ್ಟೇನೂ ಇಳಿದಿರಲಿಲ್ಲ, ಹಿಕ್ಕೆ ಚೆನ್ನಾಗಿಯೇ ಇತ್ತು. ಆದರೆ ಸಂಜೆ ಮನೆಗೆ ಬರುವಾಗ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಜೋತಿರುತ್ತಿತ್ತು. ಬೆಳಿಗ್ಗೆ ನೋಡಿದರೆ ಅರ್ಧ ಇಳಿದಿರುತ್ತಿತ್ತು. ನಮ್ಮ ಮಾವ ಬಂದು ನೋಡಿ, "ಯಾರೋ ಕಣ್ಣು ಹಾಕವ್ರೆ ಕಣಪ್ಪ" ಅಂದ. ಬೇವಿನ ಸೊಪ್ಪು ಅರೆದು ಕುಡಿಸಿದೆವು. ನಮ್ಮಪ್ಪನ ಕಾಲದಿಂದ ಇರುವ ಔಷಧಿ ಅದು. ಅದರಿಂದ ಒಂದು ಕುರಿಯೂ ಎದ್ದು ನಿಂತದ್ದನ್ನು ನಾನು ಕಾಣಲಿಲ್ಲ.

ಐದನೆಯದು ಸತ್ತಾಗ ಪಶು ಆಸ್ಪತ್ರೆಯ ಡಾಕ್ಟರನ್ನು ಕರೆದೆ. ಅವರು ಹೊಟ್ಟೆ ಕೊಯ್ದು ತೋರಿಸಿದರು. ಕುರಿಗೆ ನಾಲ್ಕು ಹೊಟ್ಟೆ ಅಲ್ವಾ, ನಾಲ್ಕನೆಯದನ್ನು ಬಿಡಿಸಿದಾಗ ಒಳಗೋಡೆ ತುಂಬ ಕೂದಲಿನಂಥ ಹುಳು. ಒಂದೊಂದೂ ಎರಡು ಮೂರು ಸೆಂಟಿಮೀಟರ್ ಉದ್ದ, ಕೆಂಪು ಬಿಳಿ ದಾರ ಹೊಸೆದ ಹಾಗೆ. ಇನ್ನೂ ಅಲ್ಲಾಡುತ್ತಿದ್ದವು. ಇದು ರಕ್ತ ಕುಡಿಯುವ ಜಾತಿ, ಇದರಲ್ಲಿ ಭೇದಿ ಆಗುವುದು ಕಮ್ಮಿ ಅಂದರು. ಒಂದು ಹುಳು ದಿನಕ್ಕೆ 0.05 ಮಿಲಿ ಕುಡಿಯುತ್ತದಂತೆ. ಸಾವಿರ ಹುಳು ಇದ್ದರೆ 50 ಮಿಲಿ. 30 ಕೆಜಿ ಕುರಿಯ ಮೈಯಲ್ಲಿರುವ ರಕ್ತವೇ ಸುಮಾರು ಎರಡು ಲೀಟರ್. ಲೆಕ್ಕ ಹಾಕಿಕೊಳ್ಳಿ.

"ಸಾರ್, ಮೂರು ತಿಂಗಳಿಗೊಮ್ಮೆ ಜಂತು ಔಷಧಿ ತಪ್ಪಿಸಿಲ್ಲ" ಅಂದೆ. ಅದು ಸುಳ್ಳಲ್ಲ. "ಯಾವುದು, ಎಷ್ಟು?" ಅಂತ ಕೇಳಿದರು. ವರ್ಷಗಳಿಂದ ಒಂದೇ ಔಷಧಿ, ಅಲ್ಬೆಂಡಜೋಲ್. ದೊಡ್ಡದಿರಲಿ ಸಣ್ಣದಿರಲಿ, ತಲೆಗೆ 5 ಮಿಲಿ. ಅವರು ನನ್ನ ಟಗರಿನ ಕಡೆ ಕೈ ತೋರಿಸಿದರು. 40 ಕೆಜಿ ಮೇಲಿದೆ, ಕೆಜಿಗೆ 7.5 ಮಿಲಿಗ್ರಾಂ ಅಂದರೂ, ಮಿಲಿಗೆ 25 ಮಿಲಿಗ್ರಾಂ ಇರುವ ಈ ಬಾಟಲಿಯದು 12 ಮಿಲಿ ಬೇಕು, ನೀವು ಅರ್ಧವೂ ಕೊಟ್ಟಿಲ್ಲ ಅಂದರು. ಅರ್ಧ ಡೋಸ್‌ಗೆ ಸೂಕ್ಷ್ಮ ಹುಳು ಸಾಯುತ್ತದೆ, ಗಟ್ಟಿಗ ಉಳಿಯುತ್ತದೆ. ಉಳಿದದ್ದೇ ಮೊಟ್ಟೆ ಇಡುತ್ತದೆ, ಒಂದು ಹೆಣ್ಣು ಹುಳು ದಿನಕ್ಕೆ ಐದು ಸಾವಿರದ ಮೇಲೆ. ದುಡ್ಡು ಕೊಟ್ಟು ನಾನೇ ಗಟ್ಟಿ ಹುಳುವಿನ ತಳಿ ಸಾಕಿದ್ದೆ.

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಹಾಗಾಗಿ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಎಷ್ಟಿದೆ ಅಂತ ಎಣಿಸುವ ಪರೀಕ್ಷೆ ಮಾಡಿಸಿದೆ. ಹತ್ತು ಕುರಿಯ ಹಿಕ್ಕೆಯನ್ನು ಗುದದಿಂದಲೇ ತೆಗೆದೆ, ಕೈಗೆ ಗ್ಲೌಸ್ ಹಾಕಿ. ನೆಲದಿಂದ ಆರಿಸಿದ್ದು ನಡೆಯುವುದಿಲ್ಲ, ಯಾವ ಕುರಿಯದು ಅಂತ ಗೊತ್ತಾಗಲ್ಲ, ಮಣ್ಣಿನ ಹುಳವೂ ಸೇರಿರುತ್ತದೆ. ಕವರ್‌ನ ಗಾಳಿ ಒತ್ತಿ ತೆಗೆದು, ಐಸ್ ಜೊತೆ ಅವತ್ತೇ ಲ್ಯಾಬ್‌ಗೆ ತಲುಪಿಸಿದೆ. ಸರಿಯಾದ ಡೋಸ್‌ನಲ್ಲಿ ಅದೇ ಔಷಧಿ ಕುಡಿಸಿ, ಹದಿನಾಲ್ಕು ದಿನ ಬಿಟ್ಟು ಅದೇ ಹತ್ತರ ಹಿಕ್ಕೆ ಮತ್ತೆ ಕೊಟ್ಟೆ. ಔಷಧಿ ಕೆಲಸ ಮಾಡುತ್ತಿದ್ದರೆ ಮೊಟ್ಟೆ ನೂರಕ್ಕೆ 95ರಷ್ಟಾದರೂ ಇಳಿಯಬೇಕು. ನನ್ನದರಲ್ಲಿ ಅರ್ಧವೂ ಇಳಿದಿರಲಿಲ್ಲ. ಆ ಹದಿನೈದು ದಿನದಲ್ಲಿ ಇನ್ನೂ ನಾಲ್ಕು ಹೋದವು.

ಆಮೇಲೆ ಡಾಕ್ಟರ್ ಬರೆದದ್ದು ಕ್ಲೋಸಾಂಟೆಲ್. ರಕ್ತ ಕುಡಿಯುವ ಹುಳುವಿಗೆ ಒಳ್ಳೆಯದು, ಆದರೆ ಜಾಸ್ತಿಯಾದರೆ ಕುರಿಯ ಕಣ್ಣೇ ಹೋಗಬಹುದು. ಅಂದಾಜಿನಲ್ಲಿ ಕೊಡುವ ಔಷಧಿ ಅಲ್ಲ. ಹುಣಸೆ ಮರದ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಗೋಣಿ ಚೀಲದ ಜೋಲಿ ಮಾಡಿ ಒಂದೊಂದನ್ನೂ ತೂಗಿದೆವು. ಇಡೀ ದಿನ ಹಿಡಿಯಿತು. ನಾನು 25 ಕೆಜಿ ಅಂದುಕೊಂಡದ್ದು 34 ಇತ್ತು. ಇಪ್ಪತ್ತು ವರ್ಷ ಕುರಿ ಸಾಕಿದ ಕಣ್ಣು!

ಕುಡಿಸುವುದರಲ್ಲೂ ಒಮ್ಮೆ ಎಡವಿದ್ದೇನೆ. ಮರಿಯ ಮೂತಿ ಮೇಲಕ್ಕೆತ್ತಿ ಗಬಕ್ಕನೆ ಹೊಯ್ದಿದ್ದೆ, ಔಷಧಿ ಶ್ವಾಸಕೋಶಕ್ಕೆ ಇಳಿದು ಮರಿ ರಾತ್ರಿಯೇ ಸತ್ತಿತು. ಈಗ ತಲೆಯನ್ನು ಸಮಕ್ಕೆ ಹಿಡಿದು, ತುಟಿಯ ಮೂಲೆಯಿಂದ ಸಿರಿಂಜ್ ತೂರಿಸಿ, ನಾಲಿಗೆ ಹಿಂದಕ್ಕೆ ನಿಧಾನವಾಗಿ ಬಿಡುತ್ತೇನೆ.

ನನ್ನ ಕೈ ಹಿಡಿದದ್ದು ಮಾತ್ರ ಕಣ್ಣು ನೋಡುವ ಅಭ್ಯಾಸ. ದಕ್ಷಿಣ ಆಫ್ರಿಕಾದವರು ಮಾಡಿದ ಫಮಾಚ ಅನ್ನುವ ಕಾರ್ಡ್ ಇದೆ, ಕೆಂಪಿನಿಂದ ಬಿಳಿಚಿದ ಬಣ್ಣದವರೆಗೆ ಐದು ಬಣ್ಣ. ಕೆಳಗಿನ ರೆಪ್ಪೆಯನ್ನು ಮಗುಚಿ, ಒಳಗಿನ ಬಣ್ಣವನ್ನು ಬಿಸಿಲಿನಲ್ಲಿ ಅದಕ್ಕೆ ಹೋಲಿಸಬೇಕು. ಒಂದು ಎರಡು ಬಂದರೆ ಔಷಧಿ ಬೇಡ. ನಾಲ್ಕು ಐದಕ್ಕೆ ಕೊಡಲೇಬೇಕು. ಮೂರು ಬಂದರೆ ಮರಿ, ಗಬ್ಬದ ಕುರಿಗೆ ಕೊಡುತ್ತೇನೆ, ಗಟ್ಟಿ ಮುಟ್ಟಾಗಿರುವುದಕ್ಕೆ ಇಲ್ಲ. ಗಬ್ಬದ್ದಕ್ಕೆ ಯಾವ ಔಷಧಿ ಅಂತ ಮೊದಲು ಕೇಳಿಕೊಳ್ಳಬೇಕು. ಗಬ್ಬ ನಿಂತ ಹೊಸದರಲ್ಲಿ ಅಲ್ಬೆಂಡಜೋಲ್ ಕೊಡಬಾರದು, ಮರಿಗೆ ತೊಂದರೆ. ಈ ಬಣ್ಣ ಓದುವುದರಲ್ಲಿ ನನಗಿಂತ ನನ್ನ ಹೆಂಡತಿ ಚುರುಕು. ಸೀರೆ ಬಣ್ಣ ಆರಿಸಿದ ಕಣ್ಣು ಅಂತಾಳೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡುತ್ತೇವೆ. ಒಂದು ಎಚ್ಚರಿಕೆ: ಇದು ರಕ್ತ ಕುಡಿಯುವ ಹುಳುವಿಗೆ ಮಾತ್ರ. ಲಾಡಿಹುಳು ಇದ್ದರೆ ರೆಪ್ಪೆ ನೋಡಿ ಗೊತ್ತಾಗಲ್ಲ.

ಎಲ್ಲಕ್ಕೂ ಕೊಡದೆ ಬಿಡುವುದು ಮೊದಮೊದಲು ಭಯವಾಗುತ್ತಿತ್ತು. ಆದರೆ ಕುಡಿಸದ ಕುರಿಗಳಲ್ಲಿ ಔಷಧಿಗೆ ಸಾಯುವ ಹುಳುವೂ ಉಳಿದಿರುತ್ತದೆ, ಅದು ಗಟ್ಟಿಗರ ಜೊತೆ ಬೆರೆಯುತ್ತದೆ. ಎಲ್ಲವನ್ನೂ ಸವರಿಬಿಟ್ಟರೆ ಹುಲ್ಲಿನಲ್ಲಿ ಬರೀ ಗಟ್ಟಿಗರದೇ ಮರಿಹುಳು.

ಮೇಯಿಸುವ ಹೊತ್ತು ಬದಲಾಯಿತು. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬಿಸಿ ತೇವ ಇದ್ದರೆ ವಾರದೊಳಗೆ ಮರಿಹುಳು ಆಗಿ, ಇಬ್ಬನಿ ಹಿಡಿದು ಹುಲ್ಲು ಹತ್ತುತ್ತದೆ. ಈಗ ಇಬ್ಬನಿ ಆರಿದ ಮೇಲೆ, ಒಂಬತ್ತರ ನಂತರ ರೊಪ್ಪ ತೆಗೆಯುತ್ತೇನೆ. ಮರಿಗಳನ್ನು ಕೆರೆ ಅಂಗಳಕ್ಕೆ ಬಿಡುವುದಿಲ್ಲ, ಜಾಲಿ ಮತ್ತು ಬೇಲಿ ಸೊಪ್ಪಿನ ಕಡೆ ಹೊಡೆಯುತ್ತೇನೆ.

ಹೋದ ಮಳೆಗಾಲದಲ್ಲಿ 62 ಕುರಿಯಲ್ಲಿ 17ಕ್ಕೆ ಮಾತ್ರ ಔಷಧಿ ಕೊಟ್ಟೆ, ಹುಳುವಿಗೆ ಒಂದೂ ಸಾಯಲಿಲ್ಲ. ಒಂದು ಕಪ್ಪು ಕಿವಿ ಕುರಿ ಇದೆ. ಪ್ರತಿ ಸಲ ಅದರ ರೆಪ್ಪೆ ನಾಲ್ಕಕ್ಕೆ ಬರುತ್ತದೆ. ಅಂಥದ್ದನ್ನು ಮಂದೆಯಲ್ಲಿ ಇಟ್ಟುಕೊಳ್ಳಬೇಡ, ಹುಲ್ಲಿಗೆಲ್ಲ ಅದೇ ಮೊಟ್ಟೆ ಉದುರಿಸುತ್ತದೆ ಅಂತ ಡಾಕ್ಟರ್ ಎರಡು ಸಲ ಹೇಳಿದರು. ಆದರೆ ಅದು ಅವಳಿ ಮರಿ ಹಾಕುವ ಕುರಿ. ಹೆಂಡತಿ ಇನ್ನೂ ಒಪ್ಪಿಲ್ಲ.