ಹನ್ನೆರಡು ಮಂಚ ಮತ್ತು ಒಂದು ಸೊಪ್ಪಿನ ಬುಟ್ಟಿ

ಧಾರವಾಡದ ನಮ್ಮ ಚರ್ಚಿನ ಹಿಂದೆ ಒಂದು ಹಳೆ ಹೆಂಚಿನ ಮನೆ ಸುಮ್ನೆ ಖಾಲಿ ಬಿದ್ದಿತ್ತು. ಅಲ್ಲಿ ಮಕ್ಕಳ ಆಶ್ರಮ ಮಾಡೋಣ ಅಂತ ಮೊದಲು ಹೇಳಿದವಳು ನಾನೇ. ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಬೈಬಲಿನ ಯಾಕೋಬನ ಪತ್ರಿಕೆ 1:27 ಬಾಯಿಪಾಠ ಮಾಡಿಸಿದ್ದೆ. ದಿಕ್ಕಿಲ್ಲದವರನ್ನು ಕಷ್ಟದಲ್ಲಿ ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅನ್ನುವ ವಚನ. ಬಾಯಿಪಾಠ ಸಾಕು, ಏನಾದರೂ ಮಾಡೋಣ ಅನ್ನಿಸಿತ್ತು. ಕ್ರಿಸ್ಮಸ್ ಕಾಣಿಕೆಯ ದುಡ್ಡಲ್ಲಿ 12 ಕಬ್ಬಿಣದ ಮಂಚ ತಂದೆವು.

ಮಕ್ಕಳೂ ಬೇಗ ಸಿಕ್ಕರು. ಅಣ್ಣನಿಗೆ ಒಂಬತ್ತು, ತಂಗಿಗೆ ಆರು. ಅಪ್ಪ ತೀರಿಹೋಗಿದ್ದ. ಅಮ್ಮ ಮನೆ ಬಿಟ್ಟು ಹೋದವಳು ತಿರುಗಿ ಬಂದಿರಲಿಲ್ಲ. ಸಾಕುತ್ತಿದ್ದ ಅಜ್ಜಿ ಸೊಪ್ಪು ಮಾರುತ್ತಿದ್ದರು. ಅವರನ್ನು ಒಪ್ಪಿಸಿ ಮಕ್ಕಳನ್ನು ಕರೆದುಕೊಂಡು ಬಂದೆವು. ಹೊಸ ಚಾದರ, ಹೊಸ ಚಪ್ಪಲಿ, ರಾತ್ರಿಗೆ ಅನ್ನ, ಸಾರು, ಮೊಟ್ಟೆ.

ಮಲಗುವಾಗ ಹುಡುಗಿ ಮಂಚ ಹತ್ತಲಿಲ್ಲ. ಚೀಲದಿಂದ ಅಜ್ಜಿಯ ಹಳೆ ಇಳಕಲ್ ಸೀರೆ ತೆಗೆದು ನೆಲಕ್ಕೆ ಹಾಸಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಮಲಗಿದಳು. ಅಣ್ಣ ನಿದ್ದೆಯನ್ನೇ ಮಾಡಲಿಲ್ಲ. "ಅಕ್ಕೋರ, ಮುಂಜಾನೆ ಬುಟ್ಟಿ ಅಜ್ಜಿ ತಲಿ ಮ್ಯಾಲೆ ಯಾರು ಎತ್ತಿ ಇಡ್ತಾರ?" ಅಂತ ಎರಡು ಸಲ ಕೇಳಿದ.

ಮೂರನೇ ದಿನ ನಮ್ಮ ಚರ್ಚಿನ ಸಭೆಯವರೇ ಆದ ಒಬ್ಬ ವಕೀಲರು ಚೆನ್ನಾಗಿ ಬೈದರು. ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಎರಡೂ ಆಗಬಹುದು. ದಿಕ್ಕಿಲ್ಲದ ಮಗು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು. ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಳ್ಳೆ ಮನಸ್ಸಿದ್ದರೆ ಸಾಕು ಅಂದುಕೊಂಡಿದ್ದೆವು.

ತಲೆ ತಗ್ಗಿಸಿಕೊಂಡು ಸಮಿತಿಯ ಮುಂದೆ ಹೋದೆವು. ಅಲ್ಲಿ ಒಬ್ಬರು ಕೇಳಿದರು: "ಏನು ಸಹಾಯ ಸಿಕ್ಕರೆ ಅಜ್ಜಿ ಇವರನ್ನು ಮನೆಯಲ್ಲೇ ಸಾಕಬಹುದು?" ನಾವು ಅಜ್ಜಿಯನ್ನು ಅದೊಂದನ್ನೇ ಕೇಳಿರಲಿಲ್ಲ.

ಕೇಳಿದಾಗ ಅವರ ಉತ್ತರ ರೆಡಿ ಇತ್ತು. "ರೊಟ್ಟಿ ನಾ ಹಾಕ್ತೀನ್ರಿ. ಮನಿ ಬಾಡಿಗಿ, ಮತ್ತ ಈ ಮೊಣಕಾಲು, ಇವೆರಡ ನನಗ ನೀಗವಲ್ದು."

ಮಕ್ಕಳು ಮನೆಗೆ ಹೋದರು. ಮಿಷನ್ ವಾತ್ಸಲ್ಯ ಅಂತ ಮಕ್ಕಳಿಗಾಗಿ ಸರ್ಕಾರದ ಒಂದು ಯೋಜನೆ ಇದೆ. ಅದರ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಕೇಳಲು ಸುಲಭ, ಆದರೆ ಅಪ್ಪನ ಮರಣ ಪ್ರಮಾಣಪತ್ರವೇ ಇರಲಿಲ್ಲ. ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ, ಒಂದೊಂದಕ್ಕೂ ಅಲೆದಾಟ. ಓದು ಬಾರದ ಅಜ್ಜಿ ಒಬ್ಬರೇ ಇದನ್ನು ಮಾಡುವುದು ಸಾಧ್ಯವಿತ್ತಾ? ನನ್ನ ಪ್ರಕಾರ ಸಭೆಯವರು ಮಾಡಬೇಕಾದ ಸೇವೆ ಇದೇ, ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು. ದುಡ್ಡು ಬರುವವರೆಗೆ ಬಾಡಿಗೆ ನಾವು ಕೊಟ್ಟೆವು. ನಮ್ಮ ಸಭೆಯ ಆಟೋದವರೊಬ್ಬರು ಬೆಳಗ್ಗೆ ಬುಟ್ಟಿಯನ್ನೂ ಅಜ್ಜಿಯನ್ನೂ ಮಾರ್ಕೆಟ್ಟಿಗೆ ಮುಟ್ಟಿಸುತ್ತಾರೆ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಆಶ್ರಮಕ್ಕೆ ಬೋರ್ಡ್ ಹಾಕಬಹುದು, ಬಂದವರಿಗೆ ತೋರಿಸಬಹುದು. ಬಾಡಿಗೆ ಕಟ್ಟಿದ್ದಕ್ಕೆ ಬೋರ್ಡ್ ಎಲ್ಲಿ ಹಾಕೋದು, ಅಲ್ವಾ? ದಾನ ಕೊಟ್ಟ ಒಬ್ಬರು ಮಕ್ಕಳ ಫೋಟೋ ಕೇಳಿದರು. ಕೊಡಲಿಲ್ಲ. ಇಂಥ ಮಕ್ಕಳ ಗುರುತು ಪ್ರಕಟಿಸುವುದನ್ನು ಕಾಯ್ದೆಯೂ ಒಪ್ಪುವುದಿಲ್ಲ. ಇನ್ನೊಬ್ಬರು, "ಮಕ್ಕಳು ಭಾನುವಾರ ಚರ್ಚಿಗಾದರೂ ಬರಲಿ" ಅಂದರು. ಅಜ್ಜಿ ಸವದತ್ತಿ ಯಲ್ಲಮ್ಮನ ಒಕ್ಕಲು. ಸಹಾಯಕ್ಕೆ ಷರತ್ತು ಹಾಕಿದರೆ ಅದು ವ್ಯಾಪಾರ ಆಗುತ್ತದೆ ಅಂತ ನಾನು ಜಗಳವನ್ನೇ ಆಡಿದೆ.

ಯಾರೂ ಇಲ್ಲದ ಮಕ್ಕಳೂ ಇರುತ್ತಾರೆ, ಅವರಿಗೆ ಬೇರೆ ದಾರಿ ಬೇಕು. ನಮ್ಮಲ್ಲಿ ಒಂದು ಕುಟುಂಬ ಪೋಷಕ ಪಾಲನೆಗೆ, ಅಂದರೆ ಅಂಥ ಮಗುವನ್ನು ತಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳಲು, ಅರ್ಜಿ ಹಾಕಿದೆ.

ಮಂಚಗಳನ್ನು ಮಾರಿದೆವು. ಹೆಂಚಿನ ಮನೆಯಲ್ಲಿ ಈಗ ಸಂಜೆ ಟ್ಯೂಷನ್ ನಡೆಯುತ್ತದೆ. ಏಳು ಗಂಟೆಗೆ ಅಜ್ಜಿ ಬಂದು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಹೋದ ವಾರ ಎರಡು ಕಟ್ಟು ಮೆಂತ್ಯ ಸೊಪ್ಪು ತಂದು ನನ್ನ ಮೇಜಿನ ಮೇಲೆ ಇಟ್ಟರು. ದುಡ್ಡು ಕೊಡಲು ಹೋದೆ. ಬೈಸಿಕೊಂಡೆ.