ನಿದ್ದೆ ವಿಷ್ಯದಲ್ಲಿ ಜಿಪುಣತನ ಬೇಡ, ಮಿಕ್ಕಿದ್ದೆಲ್ಲದ್ರಲ್ಲೂ ಉಳಿಸ್ಬೋದು

ನಮ್ಮನೇಲಿ ಪ್ರವಾಸದ ಮಾತು ಏಳ್ತಿದ್ದಿದ್ದೇ ಕಬ್ಬಿನ ದುಡ್ಡು ಕೈಗೆ ಬಂದ್ಮೇಲೆ, ಅದೂ ಗೊಬ್ಬರದಂಗಡಿ ಬಾಕಿ, ಸೊಸೈಟಿ ಸಾಲ, ಮಕ್ಕಳ ಫೀಸು ಎಲ್ಲಾ ಕಳೆದು ಏನಾದ್ರೂ ಒಸಿ ಮಿಕ್ಕಿದ್ರೆ. ಹಂಗಂತ ಎಲ್ಲೂ ಹೋಗ್ದೆ ಕೂತಿಲ್ಲ ನಾವು. ಧರ್ಮಸ್ಥಳ, ಸುಬ್ರಹ್ಮಣ್ಯ, ಹಂಪಿ, ಮಂತ್ರಾಲಯ, ತಿರುಪತಿ, ಕೊನೆಗೆ ಕಾಶಿನೂ ನೋಡ್ಕಂಡ್ ಬಂದಿದ್ದೀವಿ. ಮೊನ್ನೆ ನಮ್ಮ ಸೊಸೆ ಕೂತ್ಕಂಡು ಕೇಳಿದ್ಲು, ಅತ್ತೆ ನಾವು ಒಂದ್ ವಾರ ಮಕ್ಕಳನ್ನ ಕರ್ಕಂಡ್ ಹೋಗ್ಬೇಕು, ಬಜೆಟ್ ಇಷ್ಟೇ ಇರೋದು, ಹೆಂಗ್ ಮಾಡೋದು ಹೇಳಿ ಅಂತ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ, ನಿಮ್ಗೂ ಉಪಯೋಗಕ್ಕೆ ಬರಲಿ.

ಮೊದಲು ಒಂದು ನಡೆದಿದ್ದು ಹೇಳ್ಬಿಡ್ತೀನಿ. ಮಕ್ಕಳು ಚಿಕ್ಕವರಿದ್ದಾಗ ಧರ್ಮಸ್ಥಳಕ್ಕೆ ಹೊರಟ್ವಿ, ಒಂದು ರಾತ್ರಿ ರೂಮಿನ ಬಾಡಿಗೆ ಉಳಿಯುತ್ತೆ ಅಂತ ರಾತ್ರಿ ಬಸ್ಸು ಹತ್ತಿದ್ವಿ, ಸಿಕ್ಕಿದ್ದು ಹಿಂದಿನ ಸೀಟು. ಶಿರಾಡಿ ಘಾಟಿ ತಿರುವಲ್ಲಿ ದೊಡ್ಡವನು ಎರಡು ಸಲ ವಾಂತಿ ಮಾಡ್ದ, ಚಿಕ್ಕೋಳು ನನ್ನ ತೊಡೆ ಮೇಲೆ ಮಲಗಿದ್ದಕ್ಕೆ ನನ್ನ ಕಾಲು ಜೋಮು ಹಿಡ್ದು ಅಲ್ಲಾಡ್ಸೋಕ್ ಆಗ್ಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಇಳಿದು ಆ ಥಂಡಿಲಿ ಕಲ್ಲು ಬೆಂಚಿನ ಮೇಲೆ ಮಕ್ಕಳನ್ನ ತಬ್ಕಂಡು ಕೂತಿದ್ವಿ. ದರ್ಶನದ ಸಾಲಲ್ಲಿ ನಮ್ಮ ಯಜಮಾನ್ರು ನಿಂತಲ್ಲೇ ತೂಕಡಿಸ್ತಿದ್ರು. ಮಧ್ಯಾಹ್ನದ ಹೊತ್ಗೆ ಯಾರ್ಗೂ ತ್ರಾಣ ಇಲ್ಲ, ಸುಬ್ರಹ್ಮಣ್ಯಕ್ಕೆ ಬಸ್ಸಲ್ಲಿ ಹೋಗೋ ಬದಲು ಕಾರ್ ಬಾಡಿಗೆ ಮಾಡಿದ್ವಿ, ಉಳಿಸಿದ್ದಕ್ಕೆ ಮೂರರಷ್ಟು ಅಲ್ಲೇ ಹೋಯ್ತು. ಅವತ್ತಿಂದ ನಮ್ಮನೇಲಿ ಒಂದು ಕಟ್ಟುನಿಟ್ಟು, ರಾತ್ರಿ ಮಲಗೋ ಜಾಗ, ಬೆಳಗ್ಗೆ ಸ್ನಾನ ಶೌಚ, ಕಾಲಿಗೆ ಹಾಕ್ಕೊಳ್ಳೋ ಚಪ್ಪಲಿ, ಈ ಮೂರಕ್ಕೆ ದುಡ್ಡು ಬಿಚ್ಚಬೇಕು, ಮಿಕ್ಕಿದ್ದೆಲ್ಲದ್ರಲ್ಲೂ ಹಿಡಿಬೇಕು.

ದೂರದ ಊರಿಗೆ ರೈಲೇ ಸರಿ ಕಣ್ರಪ್ಪ, ಕಾಲು ಚಾಚಿ ಮಲಗ್ಬೋದು, ಎದ್ದು ಓಡಾಡ್ಬೋದು, ಬಾತ್ರೂಮ್ ಇರುತ್ತೆ. ಆದ್ರೆ ಮುಂಚೆ ಬುಕ್ ಮಾಡಿದ್ರೆ ಮಾತ್ರ ಸುಖ. ಈಗ 60 ದಿನ ಮುಂಚೆ ಬುಕಿಂಗ್ ಓಪನ್ ಆಗುತ್ತೆ, ಮುಂಚೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಕಮ್ಮಿ ಮಾಡಿದ್ರು. ಹಂಗಾಗಿ ಹೊರಡೋ ತಾರೀಖು ಗೊತ್ತಾದ ತಕ್ಷಣ ಕ್ಯಾಲೆಂಡರಲ್ಲಿ ಹಿಂದಕ್ಕೆ ಎಣಿಸಿ ಆ ದಿನಕ್ಕೆ ಗುರುತು ಹಾಕಿಟ್ಕಳಿ. ತತ್ಕಾಲ್ ನೆಚ್ಕಂಡು ಕೂರ್ಬೇಡಿ, ಅದಕ್ಕೆ ದುಡ್ಡೂ ಜಾಸ್ತಿ, ಹಿಂದಿನ ದಿನ ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ಓಪನ್ ಆಗಿ ಕಣ್ಮುಚ್ಚಿ ಬಿಡೋದ್ರೊಳ್ಗೆ ಖಾಲಿ ಆಗಿರುತ್ತೆ. ಆನ್‌ಲೈನಲ್ಲಿ ತಗಂಡ ವೇಟಿಂಗ್ ಲಿಸ್ಟ್ ಟಿಕೆಟ್ ಪೂರ್ತಿ ವೇಟಿಂಗಲ್ಲೇ ಉಳಿದ್ರೆ ತಾನಾಗೇ ಕ್ಯಾನ್ಸಲ್ ಆಗುತ್ತೆ, ಅದನ್ನ ಹಿಡ್ಕಂಡು ಸ್ಲೀಪರ್ ಹತ್ತೋ ಹಂಗಿಲ್ಲ.

ವಯಸ್ಸಾದವರ ಜೊತೆ ಹೋಗೋರು ಇದನ್ನ ಒಸಿ ಗಮನವಿಟ್ಟು ಓದಿ. ಹಿರಿಯರಿಗೆ ರೈಲಲ್ಲಿದ್ದ ದರದ ರಿಯಾಯ್ತಿ 2020ರ ಮಾರ್ಚ್‌ನಲ್ಲಿ ನಿಂತೋಯ್ತು, ಆದ್ರೆ ಲೋಯರ್ ಬರ್ತ್ ಕೋಟಾ ಇನ್ನೂ ಇದೆ. 60 ದಾಟಿದ ಗಂಡಸ್ರು, 45 ದಾಟಿದ ಹೆಂಗಸ್ರು ಒಬ್ರೇ ಅಥವಾ ಇಬ್ರೇ ಒಂದು ಟಿಕೆಟ್‌ನಲ್ಲಿದ್ರೆ ಆ ಕೋಟಾದಲ್ಲಿ ಬುಕ್ ಮಾಡ್ಬೋದು. ನೀವು ಮನೆಮಂದಿನೆಲ್ಲ ಸೇರಿಸಿ ಆರು ಜನಕ್ಕೆ ಒಂದೇ ಟಿಕೆಟ್ ಮಾಡಿದ್ರೆ ಆ ಕೋಟಾ ಸಿಗಲ್ಲ, ಅತ್ತೆ ಮಾವಂಗೆ ಮೇಲಿನ ಬರ್ತ್ ಬಂದು ಅವ್ರು ಹತ್ತೋಕಾಗದೆ ಒದ್ದಾಡ್ತಾರೆ. ಅವರಿಬ್ರಿಗೆ ಬೇರೆ ಟಿಕೆಟ್ ಮಾಡಿ, ನಿಮ್ದು ಬೇರೆ ಮಾಡ್ಕಳಿ. ಮಿಡಲ್ ಬರ್ತ್ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮಾತ್ರ ಬಿಚ್ಚೋದು, ಅದಕ್ಕಿಂತ ಮುಂಚೆ ಯಾರಾದ್ರೂ ಬಿಚ್ಚಿ ಮಲಗಿ ನಿಮ್ಗೆ ಕೂರೋಕೆ ಜಾಗ ಇಲ್ದಂಗ್ ಮಾಡಿದ್ರೆ ಸಮಾಧಾನವಾಗೇ ಹೇಳಿ, ಕೇಳದಿದ್ರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮಳೆಗಾಲ, ಚಳಿಗಾಲದಲ್ಲಿ ಸ್ಲೀಪರ್ ಸಾಕು. ಏಪ್ರಿಲ್ ಮೇ ತಿಂಗಳಲ್ಲಿ ಉತ್ತರದ ಕಡೆ ಹೋಗೋದಾದ್ರೆ ಥರ್ಡ್ ಎಸಿ ಮಾಡ್ಸಿ, ಆ ಬಿಸಿಗಾಳಿಲಿ ಎರಡು ರಾತ್ರಿ ಕಳೆದು ಕಾಶಿಲಿ ಇಳಿದ್ರೆ ಗಂಗೆ ನೋಡೋಕೂ ಕಣ್ಣು ಬಿಡಕ್ಕಾಗಲ್ಲ. ತಿರುಪತಿಗೆ ನಮ್ಮ ಮಂಡ್ಯ ಕಡೆಯೋರಿಗೆ ಚಾಮರಾಜನಗರದಿಂದ ಮೈಸೂರು ಮೇಲೆ ಬರೋ ರೈಲೇ ಅನುಕೂಲ, ಮಲಗೆದ್ದರೆ ತಿರುಪತಿ.

ಬಸ್ಸಿಗೆ ಬಂದ್ರೆ, ನಮ್ಮ ಹೆಣ್ಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ರಾಜ್ಯದೊಳಗೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತ, ಸ್ಲೀಪರ್‌ಗೆ ಅನ್ವಯ ಆಗಲ್ಲ, ಹೊರರಾಜ್ಯಕ್ಕೆ ಹೋಗೋ ಬಸ್ಸಿಗೂ ಇಲ್ಲ. ಆಧಾರೋ ವೋಟರ್ ಐಡಿನೋ ಕರ್ನಾಟಕದ ವಿಳಾಸ ಇರೋದು ಕೈಗೆ ಸಿಕ್ಕೋ ಹಂಗ್ ಇಟ್ಕಳಿ, ಕಂಡಕ್ಟರ್ ಕೊಟ್ಟ ಜೀರೋ ಟಿಕೆಟ್ ಇಳಿಯೋ ತನಕ ಬಿಸಾಕ್ಬೇಡಿ, ಚೆಕಿಂಗ್ ಬಂದ್ರೆ ಅದೇ ತೋರಿಸ್ಬೇಕು. ಮನೆಯ ಗಂಡಸ್ರಿಗೆ 60 ದಾಟಿದ್ರೆ 25 ಪರ್ಸೆಂಟ್ ರಿಯಾಯ್ತಿ ಇದೆ, ಕೇಳಿ ತಗಳಿ, ಎಷ್ಟೋ ಜನ ಸುಮ್ಕೆ ಪೂರ್ತಿ ದುಡ್ಡು ಕೊಡ್ತಾರೆ. ಘಾಟಿ ದಾರಿ ಇದ್ರೆ ಹಗಲು ಹೊತ್ತಲ್ಲಿ ಹೋಗಿ, ಮುಂದಿನ ಸೀಟು ಹಿಡೀರಿ, ಚಕ್ರದ ಮೇಲಿನ ಸೀಟೂ ಬೇಡ, ಕೊನೇ ಸೀಟೂ ಬೇಡ. ವಾಂತಿ ಬರೋ ಮಕ್ಕಳಿಗೆ ಹೊರಡೋ ಮುಂಚೆ ಹಾಲು ಕೊಡ್ಬೇಡಿ, ಒಂದು ಇಡ್ಲಿ ತಿನ್ನಿಸಿ ಸಾಕು, ಮೊಬೈಲ್ ಕೈಗೆ ಕೊಡ್ಲೇಬೇಡಿ.

ಇನ್ನು ಊಟ. ನಾಲ್ಕು ಜನ ದಿನಕ್ಕೆ ಮೂರೊತ್ತು ಹೋಟೆಲಲ್ಲಿ ತಿಂದ್ರೆ ಟಿಕೆಟ್‌ಗಿಂತ ಜಾಸ್ತಿ ಅದಕ್ಕೇ ಹೋಗುತ್ತೆ, ಹೊಟ್ಟೆ ಕೆಟ್ರೆ ಡಾಕ್ಟ್ರಿಗೆ ಬೇರೆ. ಅದಕ್ಕೆ ನಾನು ಮೊದಲೆರಡು ದಿನದ್ದು ಮನೆಯಿಂದ್ಲೇ ಕಟ್ತೀನಿ. ಚಪಾತಿ ಕಟ್ಟೋದ್ರಲ್ಲಿ ಎಲ್ರೂ ಒಂದು ತಪ್ಪು ಮಾಡ್ತಾರೆ, ಬಿಸಿ ಬಿಸಿ ಇದ್ದಂಗೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿತಾರೆ, ಒಳಗೆ ಬೆವರಿ ಮಾರನೇ ದಿನಕ್ಕೆ ಅಂಟಂಟಾಗಿ ಹಳಸಿದ ವಾಸನೆ. ಒಂದೊಂದನ್ನೇ ಬಟ್ಟೆ ಮೇಲೆ ಹರಡಿ ಪೂರ್ತಿ ಆರಿದ್ಮೇಲೆ, ಮುಟ್ಟಿದ್ರೆ ಕೈಗೆ ತಣ್ಣಗೆ ಅನ್ನಿಸಿದ್ಮೇಲೆ, ಒಣ ಕಾಟನ್ ಬಟ್ಟೆಲಿ ಸುತ್ತಿ ಡಬ್ಬಿಗೆ ಹಾಕಿ, ಆಗ ಮಾರನೇ ದಿನಾನೂ ಮೆತ್ತಗೇ ಇರುತ್ತೆ. ಜೊತೆಗೆ ಹಸಿ ಕಾಯಿ ಚಟ್ನಿ ಬೇಡ, ಕೊಬ್ಬರಿ ಹಾಕಿದ ಚಟ್ನಿಪುಡಿ ತಗಳಿ. ಪುಳಿಯೋಗರೆ ಗೊಜ್ಜು ಎಣ್ಣೆ ಮೇಲೆ ತೇಲೋ ತನಕ ಕುದಿಸಿ ಬಾಟ್ಲಿಗೆ ತುಂಬಿದ್ರೆ ವಾರ ಪೂರ್ತಿ ಇರುತ್ತೆ, ಹೋದ ಊರಲ್ಲಿ ಬರೀ ಅನ್ನ ಒಂದು ಪ್ಲೇಟ್ ತಗಂಡು ಕಲಸಿದ್ರೆ ಊಟ ಆಯ್ತು.

ಉಪ್ಪಿಟ್ಟಿನ ಮಿಕ್ಸ್ ಒಂದು ಮಾಡ್ಕಳಿ. ಅರ್ಧ ಕೆಜಿ ಸಣ್ಣ ರವೆನ ಘಮ್ ಅನ್ನೋ ತನಕ ಹುರಿದು, ಒಗ್ಗರಣೆಗೆ ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಹಾಕಿ. ಕರಿಬೇವು ಬೆರಳಲ್ಲಿ ಹಿಸುಕಿದ್ರೆ ಪುಡಿ ಆಗ್ಬೇಕು, ಅಷ್ಟು ಗರಿಗರಿ ಆಗೋ ತನಕ ಬಿಡಿ, ಅದ್ರಲ್ಲಿ ಒಸಿ ನೀರಿನಂಶ ಉಳಿದ್ರೂ ಮಿಕ್ಸ್ ಮುಗ್ಗು ಹಿಡಿಯುತ್ತೆ. ಈರುಳ್ಳಿ ಬೇಡ. ಉಪ್ಪು ಬೆರೆಸಿ ಆರಿಸಿ ಕವರ್‌ಗೆ ಹಾಕಿದ್ರೆ, ರೂಮಲ್ಲಿ ಕೆಟಲ್‌ನಲ್ಲಿ ನೀರು ಕುದಿಸಿ ಒಂದು ಲೋಟ ಮಿಕ್ಸಿಗೆ ಎರಡು ಲೋಟ ಸುರಿದು ಐದು ನಿಮಿಷ ಮುಚ್ಚಿಡಿ, ಬಿಸಿ ಉಪ್ಪಿಟ್ಟು. ಕೆಟಲನ್ನ ರೈಲಿನ ಮೊಬೈಲ್ ಚಾರ್ಜಿಂಗ್ ಪಾಯಿಂಟ್‌ಗೆ ಮಾತ್ರ ಹಾಕ್ಬೇಡಿ, ಅದು ಅಪಾಯ, ಅದಕ್ಕೆ ಅನುಮತಿನೂ ಇಲ್ಲ. ರೈಲಿಗೆ ಹುರಿಹಿಟ್ಟು ಇಟ್ಕಳಿ. ನಮ್ಮವ್ವ ರಾಗಿ ಅರಳು ಹುರಿದು ಬೀಸಿ ಕೊಡ್ತಿದ್ಲು, ಮಜ್ಜಿಗೆಗೋ ಹಾಲಿಗೋ ಎರಡು ಚಮಚ ಹಾಕಿ ಬೆಲ್ಲ ಕಲಸಿದ್ರೆ ನಾಲ್ಕು ಗಂಟೆ ಹಸಿವಿಲ್ಲ, ಒಲೆ ಬೇಡ ಬಿಸಿನೀರೂ ಬೇಡ. ಈಗಿನ ಮಕ್ಕಳೂ ಬೆಲ್ಲ ಒಸಿ ಮುಂದಾಗಿ ಹಾಕಿದ್ರೆ ಕುಡೀತಾವೆ.

ಹೊರಗೆ ತಿನ್ನಲೇಬೇಕಾದ್ರೆ ಮಧ್ಯಾಹ್ನ ಗಟ್ಟಿಯಾಗಿ ಊಟ ಮಾಡಿ ರಾತ್ರಿ ಹಗುರ ಮಾಡ್ಕಳಿ, ಕೋರ್ಟು, ಬಸ್ ಸ್ಟ್ಯಾಂಡು, ಸರ್ಕಾರಿ ಆಸ್ಪತ್ರೆ ಸುತ್ತಮುತ್ತ ಇರೋ ಮೆಸ್‌ಗಳಲ್ಲಿ ಜನ ದಿನಾ ತಿಂತಾರೆ ಹಂಗಾಗಿ ಅಡುಗೆ ಅವತ್ತಿಂದ್ದೇ ಇರುತ್ತೆ. ಇಂದಿರಾ ಕ್ಯಾಂಟೀನ್ ಇರೋ ಊರಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ, ಮಂತ್ರಾಲಯದಲ್ಲಿ ಪ್ರಸಾದದ ಊಟ ಇದ್ದೇ ಇದೆ. ಅಲ್ಲಿ ಉಂಡ ಮೇಲೆ ಹುಂಡಿಗೆ ಕೈಲಾದಷ್ಟು ಹಾಕಿ, ಮುಂದಿನೋರ ಎಲೆಗೂ ಅನ್ನ ಬೀಳ್ಬೇಕಲ್ಲ.

ಉಳ್ಕೊಳ್ಳೋಕೆ ಪುಣ್ಯಕ್ಷೇತ್ರಗಳಲ್ಲಿ ದೇವಸ್ಥಾನದ ವಸತಿಗೃಹ ಮೊದಲು ವಿಚಾರಿಸಿ, ಕಾಶಿಲಿ ಜಂಗಮವಾಡಿ ಮಠ ಇದೆ, ಕನ್ನಡದೋರು ಸಿಕ್ತಾರೆ. ತಿರುಮಲದಲ್ಲಿ ರೂಮ್ ಸಿಗದಿದ್ರೂ ಯಾತ್ರಿಕರಿಗೆ ಅಂತ ದೊಡ್ಡ ಹಾಲ್‌ಗಳಿವೆ, ಲಾಕರ್ ಉಚಿತ. ಬೆಟ್ಟದ ಬುಡದ ಅಲಿಪಿರಿಯಿಂದ ಮೆಟ್ಲು ಹತ್ತೋರು ಬ್ಯಾಗ್ ಹೊರ್ಬೇಡಿ, ಕೆಳಗೇ ಕೌಂಟರಲ್ಲಿ ಕೊಟ್ರೆ ಮೇಲಕ್ಕೆ ದುಡ್ಡಿಲ್ದೆ ತಲುಪಿಸ್ತಾರೆ. ಲಾಡ್ಜ್ ಆದ್ರೆ ದುಡ್ಡು ಕೊಡೋ ಮುಂಚೆ ರೂಮ್ ನೋಡಿ, ನಲ್ಲಿ ತಿರುಗಿಸಿ, ಫ್ಲಶ್ ಎಳೀರಿ, ಬಾಗಿಲ ಚಿಲ್ಕ ಹಾಕಿ ನೋಡಿ, ಬಿಸಿನೀರು ಎಷ್ಟೊತ್ತಿಂದ ಎಷ್ಟೊತ್ತಿನ ತನಕ ಅಂತ ಕೇಳಿ. ಒಂದು ಸಲ ನೋಡ್ದೆ ದುಡ್ಡು ಕಟ್ಟಿ ಬೆಳಗ್ಗೆ ಐದಕ್ಕೆ ಎದ್ರೆ ತಣ್ಣೀರೂ ಇಲ್ಲ, ವಯಸ್ಸಾದ ನಮ್ಮತ್ತೆ ಸ್ನಾನ ಇಲ್ದೆ ದೇವ್ರ ಮುಂದೆ ನಿಲ್ಲಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು, ನಂಗೆ ಅದು ಇವತ್ತಿಗೂ ಮರೆತಿಲ್ಲ. ಚೆಕ್‌ಔಟ್ 24 ಗಂಟೆ ಲೆಕ್ಕನಾ, ಮಧ್ಯಾಹ್ನ 12ಕ್ಕೇನಾ ಅದನ್ನೂ ಕೇಳ್ಕಳಿ. ಸಂಜೆ 6ಕ್ಕೆ ಹೋದೋರಿಗೆ 24 ಗಂಟೆ ಲೆಕ್ಕದ ಲಾಡ್ಜಲ್ಲಿ ಮಾರನೇ ದಿನ ಪೂರ್ತಿ ಸಾಮಾನಿಟ್ಟು ಸುತ್ತಾಡೋಕೆ ಸಿಗುತ್ತೆ.

ಲಗೇಜಿಗೆ ನಂದೊಂದು ಪರೀಕ್ಷೆ ಇದೆ. ಬ್ಯಾಗ್ ತುಂಬಿದ್ಮೇಲೆ ಅದನ್ನ ಹೊತ್ಕಂಡು ಮನೆ ಮೆಟ್ಲು ಎರಡು ಸಲ ಹತ್ತಿ ಇಳೀರಿ, ಉಸ್ಸಪ್ಪಾ ಅನ್ನಿಸಿದ್ರೆ ಬಿಚ್ಚಿ ಎರಡು ಜೊತೆ ಬಟ್ಟೆ ತೆಗೀರಿ. ಮೂರು ಜೊತೆ ಸಾಕು, ರಾತ್ರಿ ಒಗೆದು ಫ್ಯಾನ್ ಕೆಳಗೆ ಒಣಗಿಸ್ಬೋದು, ಅದಕ್ಕೊಂದು ನೈಲಾನ್ ಹಗ್ಗ, ನಾಲ್ಕು ಪಿನ್ನು. ಆದ್ರೆ ಒಗೆದು ಒಗೆದು ಮೆತ್ತಗಾದ ಹಳೇ ಕಾಟನ್ ಸೀರೆ ಒಂದನ್ನ ಮರೀಬೇಡಿ. ರೈಲಲ್ಲಿ ಬರ್ತ್ ಮೇಲೆ ಹಾಸ್ಬೋದು, ಲಾಡ್ಜಲ್ಲಿ ಬೆಡ್‌ಶೀಟ್ ಮೇಲೆ ಹಾಸ್ಬೋದು, ಥಂಡಿಗೆ ನಾಲ್ಕು ಮಡಿಕೆ ಮಾಡಿ ಹೊದಿಬೋದು, ಬಸ್ಸಲ್ಲಿ ಸುತ್ತಿ ಕುತ್ತಿಗೆಗೆ ದಿಂಬು, ಕೂಸಿಗೆ ಹಾಲು ಕುಡ್ಸೋಕೆ ಮರೆ. ನಂದು ಒಂದು ಕಂದು ಬಣ್ಣದ್ದು ಇದೆ, ಸೆರಗು ಅರ್ಧ ಸವೆದಿದೆ, ಕಾಶಿಗೂ ಅದೇ ಬಂತು. ಹೊಸ ಚಪ್ಪಲಿ ಹಾಕ್ಕಂಡು ಹೊರಡ್ಬೇಡಿ, ಹದಿನೈದು ದಿನ ಮನೆ ಹತ್ರ ಹಾಕಿ ಪಳಗಿಸಿ.

ಎಲ್ಲಿಗೆ ಹೋದ್ರೂ ಯಾವ ದಿನ ಯಾವುದು ಬಾಗಿಲು ಹಾಕಿರುತ್ತೆ ಅಂತ ಮೊದ್ಲೇ ತಿಳ್ಕಳಿ. ನಮ್ಮ ಮೈಸೂರು ಝೂ ಮಂಗಳವಾರ ರಜ, ಅವತ್ತೇ ಮಕ್ಕಳನ್ನ ಕರ್ಕಂಡು ಬಂದು ಗೇಟ್ ಮುಂದೆ ನಿಂತೋರನ್ನ ಎಷ್ಟೋ ಸಲ ನೋಡಿದ್ದೀನಿ. ಅರಮನೆ ದೀಪ ನೋಡೋಕೆ ದಸರಾಕ್ಕೇ ಬರ್ಬೇಕಂತಿಲ್ಲ, ಭಾನುವಾರ, ಸರ್ಕಾರಿ ರಜಾ ದಿನ ಸಾಯಂಕಾಲ 7ಕ್ಕೆ ಹಾಕ್ತಾರೆ. ದಸರಾಕ್ಕೇ ಬರೋದಾದ್ರೆ ಮೊದಲ ಮೂರ್ನಾಲ್ಕು ದಿನದಲ್ಲಿ ಬನ್ನಿ, ದೀಪಾಲಂಕಾರ ಅದೇ ಇರುತ್ತೆ, ಜಂಬೂಸವಾರಿ ಹೊತ್ತಿನ ನೂಕುನುಗ್ಗಲು ಇರಲ್ಲ. ಮೈಸೂರಲ್ಲಿ ರೂಮ್ ರೇಟ್ ಏರಿದ್ರೆ ನಮ್ಮ ಮಂಡ್ಯದಲ್ಲಿ ಉಳ್ಕಳಿ, 45 ಕಿಲೋಮೀಟರ್ ಅಷ್ಟೇ, ರೈಲು ಬಸ್ಸು ಎರಡೂ ಇದೆ. ಹಂಪಿಗೆ ಹೋಗೋರು ಹೊಸಪೇಟೆಲಿ ಉಳ್ಕಂಡು ಬಸ್ಸಲ್ಲಿ ಹೋಗಿ, ವಿಜಯ ವಿಠಲ ದೇವಸ್ಥಾನದಲ್ಲಿ ತಗಂಡ ಟಿಕೆಟ್ ಬಿಸಾಕ್ಬೇಡಿ, ಅದೇ ದಿನ ಕಮಲ ಮಹಲ್‌ಗೂ ಅದೇ ನಡೆಯುತ್ತೆ. ಪುರಾತತ್ವ ಇಲಾಖೆ ಜಾಗಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ದುಡ್ಡನ್ನ ಒಂದೇ ಕಡೆ ಇಡ್ಬೇಡಿ, ಘಾಟಿ ಕಡೆ ನೆಟ್‌ವರ್ಕ್ ಸಿಗಲ್ಲ ಫೋನ್‌ಪೇ ನಂಬ್ಕಂಡು ಹೋಗ್ಬೇಡಿ, ಹತ್ತು ಇಪ್ಪತ್ತರ ನೋಟು ಒಂದು ಕಟ್ಟು ಬೇರೆ ಇಟ್ಕಳಿ, ಶೌಚಾಲಯ ಚಪ್ಪಲಿ ಸ್ಟ್ಯಾಂಡ್ ಆಟೋಗೆಲ್ಲ ಬೇಕಾಗುತ್ತೆ. ಬಿಪಿ ಶುಗರ್ ಮಾತ್ರೆ ಕೈಬ್ಯಾಗಲ್ಲೇ ಇರಲಿ, ಎರಡು ದಿನದ್ದು ಜಾಸ್ತಿನೇ ತಗಳಿ, ಡಾಕ್ಟ್ರು ಬರೆದ ಚೀಟಿ ಫೋಟೋ ತೆಗೆದಿಟ್ಕಳಿ, ಓಆರ್‌ಎಸ್ ನಾಲ್ಕು ಪೊಟ್ಟಣ.

ಹೊರಡೋ ದಿನ ಹಾಲಿನವನಿಗೆ ಹೇಳಿ, ಗ್ಯಾಸ್ ಆಫ್ ಮಾಡಿ, ಆ ಉಪ್ಪಿಟ್ಟು ಮಿಕ್ಸ್‌ನಲ್ಲಿ ಒಂದೊತ್ತಿಗಾಗೋಷ್ಟು ತೆಗೆದು ಅಡುಗೆಮನೆ ಕಟ್ಟೆ ಮೇಲೆ ಡಬ್ಬಿಲಿ ಇಟ್ಟು ಹೋಗಿ. ರಾತ್ರಿ ಎಷ್ಟೊತ್ತಿಗೇ ವಾಪಸ್ ಬಂದ್ರೂ, ಸುಸ್ತಾಗಿದೆ ಅಂತ ಊರ ಬಾಗಿಲಿನ ಹೋಟೆಲ್ ಮುಂದೆ ಗಾಡಿ ನಿಲ್ಲಿಸೋದು ತಪ್ಪುತ್ತೆ, ಕಾಲು ತೊಳ್ಕಂಡು ಬರೋದ್ರೊಳ್ಗೆ ನೀರು ಕುದ್ದಿರುತ್ತೆ.